ಕಡಕ್‌ನಾಥ್ ಹುಂಜವನ್ನು ನಾಟಿ ಹ್ಯಾಟೆಗೆ ಬಿಟ್ಟರೆ ಮರಿಗಳ ಮಾಂಸ ಕಪ್ಪಗಿರುತ್ತಾ?

ಮೊದಲು ನಿಮ್ಮ ಹ್ಯಾಟೆಯ ಕಾಲು ನೋಡಿ. ಉತ್ತರ ಅರ್ಧ ಅಲ್ಲೇ ಇದೆ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ. ಅದರ ಚರ್ಮ, ಮಾಂಸ, ಮೂಳೆಯ ಮೇಲಿನ ಪೊರೆಗೆ ಕಪ್ಪು ತುಂಬುವ ಜೀನ್ ಪ್ರಬಲ. ತಂದೆಯಿಂದ ಒಂದು ಪ್ರತಿ ಬಂದರೂ ಸಾಕು, ಕೆಲಸ ಮಾಡುತ್ತದೆ. ಗರಿಯ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕರಿ ಗರಿಯ ಕೋಳಿಯೆಲ್ಲ ಕಡಕ್‌ನಾಥ್ ಅಂತ ಮಾರುವವರು ಇದ್ದಾರೆ, ಹುಷಾರು!

ತೊಡಕು ಇನ್ನೊಂದು ಜೀನಿನದು. ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಸಾಮಾನ್ಯವಾಗಿ ಚರ್ಮದ ಕಪ್ಪನ್ನು ತಡೆಯುವ ಜೀನ್ ಇರುತ್ತದೆ. ಅದು ಇರುವುದು ಝಡ್ ಎಂಬ ಲಿಂಗ ಕ್ರೋಮೋಸೋಮಿನಲ್ಲಿ. ಹುಂಜಕ್ಕೆ ಝಡ್ ಎರಡು, ಹ್ಯಾಟೆಗೆ ಒಂದೇ. ಆ ಒಂದನ್ನು ಅವಳು ಗಂಡುಮರಿಗೆ ಮಾತ್ರ ಕೊಡುತ್ತಾಳೆ. ಹಾಗಾಗಿ ಹಳದಿ ಕಾಲಿನ ಹ್ಯಾಟೆಯಾದರೆ ಹೆಣ್ಣುಮರಿ ಕಪ್ಪು, ಗಂಡುಮರಿ ತುಂಬಾ ತಿಳಿ. ವಿಚಿತ್ರ ಅಲ್ವಾ? ಸಿಲ್ಕಿ ಎಂಬ ಇನ್ನೊಂದು ಕಪ್ಪು ಚರ್ಮದ ಕೋಳಿಯಲ್ಲಿ ಇದನ್ನೇ ಇಂಗ್ಲೆಂಡಿನ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲೇ ಬರೆದಿದ್ದರು.

ಜೋಡಿ ಉಲ್ಟಾ ಮಾಡಬೇಡಿ. ಕಡಕ್‌ನಾಥ್ ಹ್ಯಾಟೆಗೆ ಎರಡೂ ಝಡ್‌ನಲ್ಲಿ ತಡೆಯುವ ಜೀನ್ ಇರುವ ಹಳದಿ ಕಾಲಿನ ಹುಂಜ ಬಿಟ್ಟರೆ ಎಲ್ಲ ಮರಿಗಳೂ ತಿಳಿಯಾಗುತ್ತವೆ.

ನಾಟಿ ಹ್ಯಾಟೆಯ ಕಾಲು ಕಪ್ಪು ಅಥವಾ ಬೂದು ಇದ್ದರೆ ಗಂಡುಮರಿಗಳೂ ಕಪ್ಪಾಗುವ ಸಾಧ್ಯತೆ ಜಾಸ್ತಿ. ಇಲ್ಲದಿದ್ದರೆ ಮೊದಲ ಪೀಳಿಗೆಯ ಕಪ್ಪು ಹೆಣ್ಣುಗಳನ್ನು ಇಟ್ಟುಕೊಂಡು, ಸಂಬಂಧವಿಲ್ಲದ ಬೇರೆ ಕಡಕ್‌ನಾಥ್ ಹುಂಜಕ್ಕೆ ಬಿಡಿ. ಆಗ ಗಂಡು, ಹೆಣ್ಣು ಎರಡೂ ಕಪ್ಪಾಗಿಯೇ ಬರುತ್ತವೆ.