ಆಡಿ ಗೆದ್ದಿದ್ದರೆ ಸಾಕಿತ್ತೇ?

"1974ರಲ್ಲಿ ಟೆನಿಸ್‌ನ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದೊಡನೆ ಆಡುವುದಿಲ್ಲವೆಂದು ಹಿಂದೆ ಸರಿಯಿತು. ರಾಜಕೀಯಕ್ಕೆ ಆಟಗಾರರೇಕೆ ಬಲಿಯಾಗಬೇಕಿತ್ತು? ಆಡಿ ಗೆದ್ದು ತೋರಿಸುವುದೇ ತಕ್ಕ ಉತ್ತರವಾಗುತ್ತಿರಲಿಲ್ಲವೇ?"
– ಓದುಗರೊಬ್ಬರು, ಧಾರವಾಡ

ಮಾನ್ಯರೇ,

ಬಲಿಯಾದರು ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಕಲ್ಕತ್ತೆಯಲ್ಲಿ ಆಸ್ಟ್ರೇಲಿಯವನ್ನು, ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು ಮಣಿಸಿ ಬಂದಿದ್ದ ತಂಡ ಅದು. ವಿಜಯ್ ಅಮೃತರಾಜ್‌ಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕ ಒಂದು ಚೆಂಡನ್ನೂ ಹೊಡೆಯದೆ ಕಪ್ ಒಯ್ದಿತು. ನಮಗೆ ಅದು ಇವತ್ತಿನವರೆಗೂ ಸಿಕ್ಕಿಲ್ಲ.

ಆದರೆ 'ಆಡಿ ಗೆದ್ದು ತೋರಿಸುವುದು' ಅಂದಿರಲ್ಲ, ಅದನ್ನು ಮಾಡಿದವರೊಬ್ಬರಿದ್ದರು. ಪಾಪ್ವಾ ಸೆವ್‌ಗೋಲುಮ್, ದಕ್ಷಿಣ ಆಫ್ರಿಕದ ಡರ್ಬನ್‌ನ ಭಾರತೀಯ ಮೂಲದ ಗಾಲ್ಫ್ ಆಟಗಾರ. ಬಿಳಿಯರ ಗಾಲ್ಫ್ ಚೀಲ ಹೊರುತ್ತಲೇ ಆಟ ಕಲಿತವರು. ಎಲ್ಲರೂ ಹಿಡಿಯುವುದಕ್ಕೆ ತದ್ವಿರುದ್ಧವಾಗಿ, ಬಲಗೈ ಮೇಲೆ ಎಡಗೈ ಕೆಳಗೆ ಇಟ್ಟು ಕೋಲು ಹಿಡಿಯುತ್ತಿದ್ದರು. 1963ರಲ್ಲಿ ಅವರು ಅಲ್ಲಿನ ನೇಟಾಲ್ ಓಪನ್ ಟೂರ್ನಿ ಗೆದ್ದರು. ಅವತ್ತು ಮಳೆ. ಬಿಳಿಯ ಆಟಗಾರರು ಕ್ಲಬ್ಬಿನೊಳಗೆ ಬೆಚ್ಚಗಿದ್ದರು. ಗೆದ್ದವನಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಮಳೆಯಲ್ಲಿ ನಿಂತೇ ಕಪ್ ಇಸಿದುಕೊಂಡರು. 1965ರಲ್ಲಿ ಅದೇ ಟೂರ್ನಿಯಲ್ಲಿ ಹೆಸರಾಂತ ಬಿಳಿಯ ಆಟಗಾರ ಗ್ಯಾರಿ ಪ್ಲೇಯರ್‌ರಂಥವರನ್ನೇ ಹಿಂದೆ ಹಾಕಿ ಮತ್ತೆ ಗೆದ್ದರು. ಸರ್ಕಾರ ಕೊಟ್ಟ ಉತ್ತರವೇನು ಗೊತ್ತೇ? ಬಿಳಿಯರ ಟೂರ್ನಿಗಳ ಬಾಗಿಲನ್ನೇ ಅವರಿಗೆ ಮುಚ್ಚಿತು. ಗೆಲುವಿಗೆ ಆ ನೆಲದಲ್ಲಿ ಅಷ್ಟೇ ಬೆಲೆ.

ಬಹಿಷ್ಕಾರ ದೆಹಲಿಯಲ್ಲಿ ಹುಟ್ಟಿದ ವಿಚಾರವೂ ಅಲ್ಲ. 'ನಮ್ಮ ದೇಶದೊಡನೆ ಆಡಬೇಡಿ' ಎಂದು ಜಗತ್ತನ್ನು ಕೇಳಿಕೊಂಡವರು ದಕ್ಷಿಣ ಆಫ್ರಿಕದ ಕರಿಯರು, ಭಾರತೀಯರು, ಮಿಶ್ರವರ್ಣದವರೇ. ಅದಕ್ಕಾಗಿ ಸಂಘಟನೆ ಕಟ್ಟಿದ ಕವಿ ಡೆನಿಸ್ ಬ್ರೂಟಸ್ ರಾಬೆನ್ ದ್ವೀಪದ ಜೈಲಿನಲ್ಲಿ ಕಲ್ಲು ಒಡೆದು ಬಂದವರು. ಅವರು ಕೈಮುಗಿದು ಬೇಡವೆಂದ ಮೇಲೂ ನಾವು ರ್‍ಯಾಕೆಟ್ ಹಿಡಿದು ಹೋಗುವುದು ಹೇಗೆ?

ಬಹಿಷ್ಕಾರದ ಪೆಟ್ಟು ನಾಟಿದ್ದಂತೂ ನಿಜ. 1981ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ಟೆಸ್ಟ್ ಆಡಿದ್ದ ಇಂಗ್ಲೆಂಡಿನ ಕ್ರಿಕೆಟಿಗರಾದ ಗೂಚ್, ಬಾಯ್ಕಾಟ್ ಮುಂತಾದವರನ್ನು ದಕ್ಷಿಣ ಆಫ್ರಿಕದವರು ಮೂರೇ ತಿಂಗಳಲ್ಲಿ ಹಣ ಸುರಿದು ಅಲ್ಲಿಗೆ ಕರೆಸಿಕೊಂಡರು. ಯಾರೂ ಬಾರದ ಮೈದಾನ ಆ ದೇಶದವರನ್ನು ಅಷ್ಟು ಹಿಂಸಿಸುತ್ತಿತ್ತು. ಹೋದ ಆಟಗಾರರಿಗೆ ಮೂರು ವರ್ಷ ಟೆಸ್ಟ್ ನಿಷೇಧವಾಯಿತು.

ಒಂದು ವಿಷಯದಲ್ಲಿ ನಿಮ್ಮೊಡನೆ ನಾನೂ ಇದ್ದೇನೆ. ಆ ನಿರ್ಧಾರವನ್ನು ದೇಶದ ಹೆಮ್ಮೆ ಎನ್ನುವ ನಾವು, ಅದರ ಬೆಲೆ ತೆತ್ತವರನ್ನು ಮರೆತೇಬಿಟ್ಟೆವು. ವಿಜಯ್, ಆನಂದ್ ಅಮೃತರಾಜ್ ಸೋದರರಾದರೂ 1987ರಲ್ಲಿ ಇನ್ನೊಂದು ಫೈನಲ್ ಆಡಿದರು, ಸ್ವೀಡನ್‌ಗೆ ಸೋತರು. 1974ರ ತಂಡದಲ್ಲಿದ್ದ ಜಸ್ಜೀತ್ ಸಿಂಗ್‌ಗೆ ಆ ಅವಕಾಶ ಮತ್ತೆ ಬರಲೇ ಇಲ್ಲ.

– ಸಂಪಾದಕ