ಚೆಸ್ಟ್ ಫ್ರೀಜರ್‌ನಲ್ಲಿ ಬಿಯರ್ ಟ್ಯಾಪ್ ಕೂರಿಸಲು ಅದರ ಗೋಡೆಗೆ ತೂತು ಕೊರೆಯಬಹುದಾ?

ಮಿಶಿಗನ್‌ನಲ್ಲಿದ್ದೀರಿ, ಮನೆಯಲ್ಲೇ ಬಿಯರ್ ಮಾಡುತ್ತೀರಿ, ಬಾಟಲಿ ತೊಳೆದೂ ತೊಳೆದೂ ಸಾಕಾಗಿದೆ. 7 ಕ್ಯೂಬಿಕ್ ಅಡಿಯ ಹಳೇ ಚೆಸ್ಟ್ ಫ್ರೀಜರ್ ಸಿಕ್ಕಿದೆ, ಮುಂಭಾಗಕ್ಕೆ ತೂತು ಕೊರೆದು ಟ್ಯಾಪ್ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಕೊರೆಯಬೇಡಿ.

ಚೆಸ್ಟ್ ಫ್ರೀಜರ್‌ನಲ್ಲಿ ಗ್ಯಾಸ್ ಓಡಾಡುವ ಪೈಪು ಗೋಡೆಯ ಒಳಗೇ ಸುತ್ತಿಕೊಂಡಿರುತ್ತದೆ, ಹೊರಗೆ ಕಾಣುವುದಿಲ್ಲ. ಡ್ರಿಲ್ ಅದಕ್ಕೆ ತಗುಲಿದರೆ ಫ್ರೀಜರ್ ಕಥೆ ಅಲ್ಲಿಗೆ ಮುಗಿಯಿತು. ಹೊಸ ಮಾಡೆಲ್‌ಗಳಲ್ಲಿ ಆರ್-600ಎ, ಅಂದರೆ ಐಸೋಬ್ಯೂಟೇನ್ ಇರುತ್ತದೆ. ಅದು ಹೊತ್ತಿಕೊಳ್ಳುವ ಗ್ಯಾಸ್. ಹಿಂಬದಿಯ ಲೇಬಲ್ ಒಮ್ಮೆ ನೋಡಿ.

ದಾರಿ ಬೇರೆ ಇದೆ. ಮುಚ್ಚಳದ ಹಿಂಜ್ ಬಿಚ್ಚಿ, ಫ್ರೀಜರ್ ಬಾಯಿಗೆ ಸರಿಯಾಗಿ ಮರದ ಚೌಕಟ್ಟು ಮಾಡಿ ಕೂರಿಸಿ. ಅದರ ಮೇಲೆ ಮುಚ್ಚಳ. ಇದಕ್ಕೆ ಎಲ್ಲರೂ ಕಾಲರ್ ಅನ್ನುತ್ತಾರೆ. ಟ್ಯಾಪ್‌ಗಳ ತೂತು ಬೀಳುವುದು ಈ ಮರಕ್ಕೆ, ಫ್ರೀಜರ್ ಮೈಗೆ ಒಂದು ಗೀರೂ ಬೀಳುವುದಿಲ್ಲ. ಎತ್ತರವೂ ಸಿಗುತ್ತದೆ. ಬಿಯರ್ ತುಂಬಿಡುವ ಉದ್ದನೆಯ ಸ್ಟೀಲ್ ಡಬ್ಬಿಗೆ ಕಾರ್ನಿ ಕೆಗ್ ಅನ್ನುತ್ತಾರೆ. 5 ಗ್ಯಾಲನ್, ಅಂದರೆ 19 ಲೀಟರ್‌ನದ್ದು ಸುಮಾರು 25 ಇಂಚು ಎತ್ತರ, ಅದರ ಮೇಲೆ ಪೈಪಿನ ಕನೆಕ್ಟರ್‌ಗೂ ಜಾಗ ಬೇಕಲ್ವಾ.

ನಾನು 2x8 ಹಲಗೆ ತೆಗೆದುಕೊಂಡೆ. ಹೆಸರಿಗೆ 2x8, ಅಳೆದರೆ ಒಂದೂವರೆ ಇಂಚು ದಪ್ಪ, ಏಳೂಕಾಲು ಇಂಚು ಅಗಲ. ಅಂಗಡಿಯಲ್ಲೇ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡಿ, ಸೊಟ್ಟ ಇದ್ದರೆ ಬಿಡಿ. ನಾಲ್ಕು ಮೂಲೆಗೂ ಅಂಟು, ಸ್ಕ್ರೂ ಎರಡೂ ಹಾಕಿ. ಮೂಲೆಮಟ್ಟ ಇಟ್ಟರೆ ಸಾಲದು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಮಾತ್ರ ಮುಚ್ಚಳದ ರಬ್ಬರ್ ಸುತ್ತಲೂ ಕೂರುತ್ತದೆ. ಒಳಮೈಗೆ ಒಂದಿಂಚಿನ ಫೋಮ್ ಹಲಗೆ, ನಮ್ಮ ಥರ್ಮಾಕೋಲ್ ಥರದ್ದು, ಅಂಟಿಸಿ. ಕೆಳಗಿನ ಅಂಚಿಗೆ ಸಿಲಿಕೋನ್. ಮುಂದೆ ಎಂದಾದರೂ ಬೇಡವೆನಿಸಿದರೆ ಸಿಲಿಕೋನ್ ಕೊಯ್ದು ಕಾಲರ್ ತೆಗೆದರಾಯಿತು, ಫ್ರೀಜರ್ ಮೊದಲಿನಂತೆ.

ಟ್ಯಾಪ್‌ನ ಕೊಳವೆಗೆ 1 ಇಂಚಿನ ಹೋಲ್ ಸಾ, ಅಂದರೆ ಡ್ರಿಲ್‌ಗೆ ಹಾಕುವ ದುಂಡನೆ ಗರಗಸ, ಸಾಕು. ಮುಂದಿನಿಂದ ಶುರು ಮಾಡಿ. ನಡುವಿನ ಸಣ್ಣ ಬಿಟ್ ಹಿಂದಕ್ಕೆ ಮೂತಿ ಹಾಕಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಹಿಂದಿನಿಂದ ಕೊರೆಯಿರಿ. ಹಾಗೆ ಮಾಡಿದರೆ ಮರ ಸಿಬಿರು ಏಳುವುದಿಲ್ಲ. ಮರ ಮತ್ತು ಫೋಮ್ ಸೇರಿ ಎರಡೂವರೆ ಇಂಚು ಆಗುತ್ತದೆ, ಆದ್ದರಿಂದ ಕೊಳವೆ ನಾಲ್ಕು ಇಂಚಿನದ್ದಾದರೂ ಇರಲಿ. ಟ್ಯಾಪ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಸ್ಟೀಲಿನದ್ದೇ ತೊಗೊಳ್ಳಿ, ಮುಂಭಾಗದಲ್ಲಿ ಸೀಲ್ ಆಗುವಂಥದ್ದು. ಹಳೇ ಮಾದರಿಯದ್ದರಲ್ಲಿ ಬಿಯರ್ ಒಳಗೇ ಒಣಗಿ ಹಿಡಿಕೆ ಅಂಟಿಕೊಳ್ಳುತ್ತದೆ.

ಇನ್ನು ತಂಪು. ಫ್ರೀಜರ್ ತನ್ನ ಪಾಡಿಗೆ ಓಡಿದರೆ ಬಿಯರ್ ಕಲ್ಲಾಗುತ್ತದೆ. ಹಾಗಾಗಿ ಹೊರಗೊಂದು ಟೆಂಪರೇಚರ್ ಕಂಟ್ರೋಲರ್ ಬೇಕು. ನನ್ನ ಹತ್ತಿರ ಇಂಕ್‌ಬರ್ಡ್ ಐಟಿಸಿ-308 ಇದೆ. ಅದರ ಕೂಲಿಂಗ್ ಸಾಕೆಟ್‌ಗೆ ಫ್ರೀಜರ್ ಹಾಕಿ, 38 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ. ಸೆನ್ಸಾರನ್ನು ಗಾಳಿಯಲ್ಲಿ ತೂಗುಬಿಡಬೇಡಿ, ಮುಚ್ಚಳ ತೆಗೆದಾಗೆಲ್ಲ ಕಂಪ್ರೆಸರ್ ಸುಮ್ನೆ ಸುಮ್ನೆ ಓಡುತ್ತದೆ. ಕೆಗ್ಗಿನ ಸೊಂಟಕ್ಕೆ ಟೇಪ್ ಹಾಕಿ, ಮೇಲೊಂದು ಫೋಮ್ ತುಂಡು ಮುಚ್ಚಿ. ನಾನಿರುವುದು ಮಿನೆಸೋಟದಲ್ಲಿ. ನಿಮ್ಮಲ್ಲಿಯಂತೆ ಇಲ್ಲೂ ಜನವರಿಯಲ್ಲಿ ಗ್ಯಾರೇಜೇ ಫ್ರೀಜರ್ ಆಗುತ್ತದೆ. ಅದಕ್ಕೆಂದೇ ಕಂಟ್ರೋಲರ್‌ನಲ್ಲಿ ಹೀಟಿಂಗ್ ಸಾಕೆಟ್ ಇದೆ, ಅಲ್ಲಿಗೆ ಒಂದು ಚಿಕ್ಕ ಹೀಟ್ ಪ್ಯಾಡ್ ಸಿಕ್ಕಿಸಿಡಿ.

ನೊರೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಖಂಡಿತ ಕೇಳುತ್ತೀರಿ. ನನ್ನದು ಮುಗಿದ ಮೊದಲ ವಾರ ಪ್ರತಿ ಲೋಟದಲ್ಲೂ ಮುಕ್ಕಾಲು ಭಾಗ ನೊರೆಯೇ. ಕೆಗ್‌ನಿಂದ ಬಿಯರನ್ನು ಟ್ಯಾಪಿಗೆ ತಳ್ಳುವುದು ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಅದರ ಒತ್ತಡ ಇಳಿಸಿದೆ, ಬಿಯರ್ ಸಪ್ಪೆಯಾಯಿತು. ಏರಿಸಿದೆ, ನೊರೆ ಇನ್ನೂ ಜಾಸ್ತಿ. ಕೊನೆಗೆ ಎರಡು ಥರ್ಮಾಮೀಟರ್ ಇಟ್ಟು ನೋಡಿದೆ. ತಳದಲ್ಲಿ 35 ಡಿಗ್ರಿ, ಟ್ಯಾಪ್ ಪಕ್ಕದಲ್ಲಿ 48. ತಣ್ಣನೆ ಗಾಳಿ ಭಾರ, ತಳದಲ್ಲೇ ಕೂರುತ್ತದೆ. ಮುಚ್ಚಳ ತೆಗೆದರೂ ಚೆಸ್ಟ್ ಫ್ರೀಜರ್‌ನ ತಂಪು ಚೆಲ್ಲಿಹೋಗದಿರುವುದು ಅದರಿಂದಲೇ. ಅದೇ ಕಾರಣಕ್ಕೆ ಮೇಲಿನ ಕಾಲರ್ ಬೆಚ್ಚಗೆ ಉಳಿಯುತ್ತದೆ. ತಣ್ಣನೆ ಬಿಯರ್ ಬೆಚ್ಚನೆ ಪೈಪಿಗೆ ಬಂದ ಕೂಡಲೇ ಅದರೊಳಗಿನ ಗ್ಯಾಸ್ ಬಿಟ್ಟುಕೊಳ್ಳುತ್ತದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ತಂದು ತಳದಲ್ಲಿಟ್ಟೆ, ಗಾಳಿ ಮೇಲಕ್ಕೆ ಟ್ಯಾಪ್ ಕಡೆ ಹೋಗುವಂತೆ ಪಿವಿಸಿ ಪೈಪು ಸೇರಿಸಿದೆ. ಮಾರನೇ ದಿನ ಎರಡೂ ಥರ್ಮಾಮೀಟರ್ ನಡುವೆ ಎರಡೇ ಡಿಗ್ರಿ ವ್ಯತ್ಯಾಸ. ಲೋಟದಲ್ಲಿ ಎರಡು ಬೆರಳಿನಷ್ಟು ನೊರೆ, ಉಳಿದದ್ದೆಲ್ಲ ಬಿಯರ್. ಆ ಲೋಟವನ್ನು ಕಿಟಕಿ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ್ದೇನೆ.

ಫ್ಯಾನ್ ಹಾಕಿದ ಮೇಲೆ ಗ್ಯಾಸಿಗೆ 11-12 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ, ಕೆಗ್‌ನಿಂದ ಟ್ಯಾಪಿಗೆ 3/16 ಇಂಚಿನ ಪೈಪು 10 ಅಡಿ. ಪೈಪು ಉದ್ದವಾಯಿತೆಂದು ಕತ್ತರಿಸಬೇಡಿ, ಒತ್ತಡ ನಿಧಾನವಾಗಿ ಇಳಿಯುವುದೇ ಆ ಉದ್ದದಲ್ಲಿ.

ಗ್ಯಾಸ್ ಸೋರಿಕೆಗೆ ಮಾತ್ರ ಹೆದರಲೇಬೇಕು. ಕೆಗ್ ಮುಚ್ಚಳದ ರಬ್ಬರ್ ರಿಂಗ್ ಸರಿಯಾಗಿ ಕೂತಿರಲಿಲ್ಲ, ನನ್ನ 5 ಪೌಂಡಿನ ಸಿಲಿಂಡರ್ ಒಂದೇ ರಾತ್ರಿಯಲ್ಲಿ ಖಾಲಿಯಾಯಿತು. ಅಷ್ಟು ಗ್ಯಾಸ್ ಹೊರಬಂದರೆ ಸುಮಾರು 1,200 ಲೀಟರ್. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಫ್ರೀಜರ್ ಒಳಗೂ ಬೇಸ್‌ಮೆಂಟ್ ನೆಲದ ಮೇಲೂ ನಿಲ್ಲುತ್ತದೆ. ಸೋರಿಕೆ ಅನುಮಾನ ಬಂದರೆ ಬಾಗಿಲು ಕಿಟಕಿ ತೆರೆದು, ಮುಚ್ಚಳ ಎತ್ತಿ ಹೊರಗೆ ಹೋಗಿ, ಗಾಳಿಯಾಡುವವರೆಗೂ ತಲೆ ಒಳಗೆ ಹಾಕಬೇಡಿ. ಬೇಸ್‌ಮೆಂಟ್ ಆದರೆ ಒಂದು ಕಾರ್ಬನ್ ಡೈಆಕ್ಸೈಡ್ ಅಲಾರಂ ಇರಲಿ. ಬಿಯರ್ ತುಂಬುವ ಮೊದಲು ಖಾಲಿ ಕೆಗ್‌ಗಳಿಗೆ ಗ್ಯಾಸ್ ಕೊಟ್ಟು, ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಆಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ ಮಲಗಿ. ಬೆಳಗ್ಗೆ ಒತ್ತಡ ತೋರಿಸುವ ಗೇಜಿನ ಮುಳ್ಳು ಅಲ್ಲೇ ಇದ್ದರೆ ಗೆದ್ದಿರಿ.

ತಳದಲ್ಲಿ ನೀರು ನಿಲ್ಲುತ್ತದೆ, ಬೂಸ್ಟು ಬರುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಒಂದಿಟ್ಟು, ವಾರಕ್ಕೊಮ್ಮೆ ಒರೆಸಿ.

ಕಾನೂನಿನ ಮಾತು. ಅಮೆರಿಕದಲ್ಲಿ 1978ರ ಫೆಡರಲ್ ಕಾಯ್ದೆ ಪ್ರಕಾರ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಊರಿನಲ್ಲಿರುವವರು ಇದನ್ನು ಓದುತ್ತಿದ್ದರೆ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವಂತಿಲ್ಲ. ಆದರೆ ಈ ಪೆಟ್ಟಿಗೆಗೆ ಬಿಯರೇ ಬೇಕೆಂದಿಲ್ಲ. ಕಾರ್ನಿ ಕೆಗ್ ಹುಟ್ಟಿದ್ದೇ ಸೋಡಾಕ್ಕೆ.

ನಿಮ್ಮದರಲ್ಲಿ ಕಾಲರ್ ಹಾಕಿದರೆ ಮೂರು ಕೆಗ್ ಹಿಡಿಯುತ್ತದೆ. ಮೂರನೆಯದನ್ನು ಸೋಡಾಕ್ಕೆ ಬಿಡಿ ಎಂದು ನನ್ನ ಸಲಹೆ. ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಅದೇ. ಮಗಳು ಸ್ಕೂಲಿಂದ ಬಂದವಳೇ ಲೋಟಕ್ಕೆ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ, ಟ್ಯಾಪ್ ಕೆಳಗೆ ಹಿಡಿಯುತ್ತಾಳೆ. ಆದರೆ ಸೋಡಾಕ್ಕೆ 30 ಪಿಎಸ್‌ಐ ಬೇಕು, ಪೈಪು 20 ಅಡಿಗೂ ಜಾಸ್ತಿ ಬೇಕು. ಹಾಗಾಗಿ ಎರಡು ಒತ್ತಡ ಕೊಡುವ ರೆಗ್ಯುಲೇಟರನ್ನು ಈಗಲೇ ತೊಗೊಂಡುಬಿಡಿ.