ರಘು ದೀಕ್ಷಿತ್ ಲೈವ್ ನೋಡಲು ಒಬ್ಬರೇ ಹೋದರೆ ಬೇಜಾರಾಗುತ್ತಾ?

ಫೋನಿನಲ್ಲಿ ಪುಕ್ಕಟೆ ಸಿಗುವ ಹಾಡಿಗೆ ಟಿಕೆಟ್ ಯಾಕೆ, ಅದೂ ಜೊತೆಗೆ ಯಾರೂ ಇಲ್ಲದೆ ಒಬ್ಬರೇ ಹೋಗಿ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಗಾಯಕ ರಘು ದೀಕ್ಷಿತ್ ಅವರನ್ನು ಮೂರು ಸಲ ಲೈವ್ ನೋಡಿದ್ದೇನೆ. ಒಂದು ಸಲ ತುಂಬಾ ಚೆನ್ನಾಗಿತ್ತು, ಒಂದು ಸಲ ಪರವಾಗಿಲ್ಲ, ಒಂದು ಸಲ ಅರ್ಧಕ್ಕೇ ಎದ್ದು ಬಂದೆ. ಚೆನ್ನಾಗಿದ್ದ ಆ ಸಲ ನಾನೂ ಒಬ್ಬನೇ ಹೋಗಿದ್ದೆ. ಅದನ್ನೇ ಜಾಸ್ತಿ ಹೇಳುತ್ತೇನೆ.

ಹನ್ನೆರಡು-ಹದಿಮೂರು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂಎಸ್ಸಿ ಓದುತ್ತಿದ್ದೆ. ಚಳಿಗಾಲ, ಸಂಜೆ ನಾಲ್ಕಕ್ಕೇ ಕತ್ತಲು. ಒಂದು ತಾಸಿನ ರೈಲು ದೂರದ ಊರಿಗೆ ಅವರ ಬ್ಯಾಂಡ್ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಬರುತ್ತಿದೆ ಅಂತ ಗೊತ್ತಾಯಿತು. ನನ್ನ ರೂಮ್‌ಮೇಟ್ ಮಂಡ್ಯದವನು, ಬಂದೇ ಬರುತ್ತೇನೆ ಅಂದಿದ್ದ. ಟಿಕೆಟ್ ತೆಗೆದಾದ ಮೇಲೆ ಅವನಿಗೆ ಅಂಗಡಿಯಲ್ಲಿ ರಾತ್ರಿ ಶಿಫ್ಟ್ ಬಿತ್ತು. ನಿಜ ಹೇಳಬೇಕೆಂದರೆ ನಾನು ಹೋಗಿದ್ದು ಸಂಗೀತದ ಹುಚ್ಚಿಗಲ್ಲ. ಎರಡು ತಾಸು ಕನ್ನಡ ಕಿವಿಗೆ ಬಿದ್ದರೆ ಸಾಕು ಅನ್ನಿಸಿತ್ತು.

ನಾನು ಅಷ್ಟು ಹೊತ್ತಿಗೆ ಅವರನ್ನು 'ಸೈಕೋ' ಸಿನಿಮಾದ ಮಾದೇಶ್ವರನ ಹಾಡಿನಿಂದ ಮಾತ್ರ ಬಲ್ಲೆ. 2008ರಲ್ಲಿ ಆ ಹಾಡು ಕೇಳದ ಆಟೋ, ಟೆಂಪೋ ಇರಲಿಲ್ಲ ಅಲ್ವಾ? ಮೈಸೂರಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ತೆಗೆದವರು ಅಂತೆಲ್ಲ ಆಮೇಲೆ ಓದಿದ್ದು. ಅವರ ಮೊದಲ ಆಲ್ಬಂಗೆ ಎಷ್ಟೋ ವರ್ಷ ಯಾವ ಮ್ಯೂಸಿಕ್ ಕಂಪನಿಯೂ ಕೈ ಹಾಕಿರಲಿಲ್ಲ. ಕೊನೆಗೆ 2008ರಲ್ಲೇ ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಲೇಬಲ್ಲಿನಿಂದ ಹೊರತಂದರು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಉತ್ಸವಕ್ಕೆ ಹೋದರು. ಬ್ರಿಟನ್ನಿನ ಜನ ಟಿಕೆಟ್ ತೆಗೆದು ಬರುತ್ತಿದ್ದದ್ದು ಹಾಗೆ.

ಜಾಗ ದೊಡ್ಡದಲ್ಲ. ಪಬ್ಬಿನ ಹಿಂದಿನ ಒಂದು ಹಾಲ್, ಕುರ್ಚಿ ಇಲ್ಲ, ಇನ್ನೂರು ಜನ ನಿಲ್ಲಬಹುದು. ನಾನು ಎಲ್ಲರೂ ನಮ್ಮವರೇ ಇರುತ್ತಾರೆ ಅಂದುಕೊಂಡಿದ್ದೆ. ಕನ್ನಡದವರು ಹತ್ತೋ ಹನ್ನೆರಡೋ ಇದ್ದಿರಬೇಕು. ಉಳಿದವರಲ್ಲಿ ಮುಕ್ಕಾಲು ಪಾಲು ತಲೆ ಬೆಳ್ಳಗಾದ ಇಂಗ್ಲಿಷ್ ಗಂಡ-ಹೆಂಡಿರು. ಒಬ್ಬನೇ ಬಂದಿದ್ದಕ್ಕೆ ಮುಜುಗರವಾಗಿ ಮೊದಲ ಹತ್ತು ನಿಮಿಷ ಸುಮ್ನೆ ಫೋನ್ ನೋಡುತ್ತಾ ನಿಂತೆ. ದೀಪ ಆರಿದ ಮೇಲೆ ಯಾರು ಯಾರ ಜೊತೆ ಬಂದಿದ್ದಾರೆ ಅಂತ ಯಾರಿಗೂ ಕಾಣುವುದಿಲ್ಲ. ನಿಮ್ಮ ಪ್ರಶ್ನೆಯ ಆ ಭಾಗಕ್ಕೆ ಇಷ್ಟೇ ಉತ್ತರ.

ಬಣ್ಣಬಣ್ಣದ ಲುಂಗಿ ಉಟ್ಟು ಬ್ಯಾಂಡಿನವರು ಬಂದರು. ರಘು ಕಾಲಿಗೆ ಗೆಜ್ಜೆ. ಮೊದಲ ಎರಡು ಹಾಡಿನಲ್ಲಿ ಡ್ರಮ್ಸ್ ಜಾಸ್ತಿ, ಮಾತು ಒಂದೂ ತಿಳಿಯಲಿಲ್ಲ. ಇದಕ್ಕಾ ಇಷ್ಟು ದೂರ ಬಂದೆ ಅನ್ನಿಸಿತು. ಮೂರನೆಯದಕ್ಕೆ ಸರಿಹೋಯಿತು. ಆಮೇಲೆ ಶಿಶುನಾಳ ಶರೀಫರ 'ಲೋಕದ ಕಾಳಜಿ' ಶುರು ಮಾಡಿದರು.

ಇಲ್ಲಿ ಸ್ವಲ್ಪ ನಮ್ಮ ಮನೆಯ ಕಥೆ ಹೇಳಬೇಕು. ನಮ್ಮೂರು ಹಾವೇರಿ ಜಿಲ್ಲೆ. ಶರೀಫರ ಶಿಶುನಾಳಕ್ಕೆ ನಮ್ಮೂರಿಂದ ಬಸ್ಸಿನಲ್ಲಿ ಒಂದು ತಾಸು. ನಮ್ಮ ಅಜ್ಜ ಹನುಮಪ್ಪನ ಗುಡಿಯ ಭಜನಿ ಮೇಳದಲ್ಲಿ ದಮ್ಮಡಿ ಬಾರಿಸುತ್ತಿದ್ದರು. ಅಮಾವಾಸ್ಯೆಯ ರಾತ್ರಿ ಏಕತಾರಿ, ತಾಳ, ದಮ್ಮಡಿ ಹಿಡಿದು ಕೂತರೆ ಏಳುವುದು ಬೆಳಗಿನ ಜಾವಕ್ಕೆ. ನಾವು ಹುಡುಗರು ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ನಿದ್ದೆ ಹೋಗುತ್ತಿದ್ದೆವು. ಈ ಪದ ನನಗೆ ನಿದ್ದೆಗಣ್ಣಿನಲ್ಲಿ ಬಂದದ್ದು. ಮನೆಯಲ್ಲಿ ಸಿ. ಅಶ್ವಥ್ ಹಾಡಿದ ಶರೀಫರ ಕ್ಯಾಸೆಟ್ಟೂ ಇತ್ತು. ಅಜ್ಜ ಅದನ್ನು ಕೇಳಿ ತಲೆದೂಗುತ್ತಿದ್ದರು, ಆದರೆ ಪದ ಅಂದರೆ ಗುಡಿಯಲ್ಲಿ ಹಾಡುವುದು ಅಂತಲೇ ಅವರ ಲೆಕ್ಕ.

ಅಂಥ ಪದಕ್ಕೆ ಇಲ್ಲಿ ಎಲೆಕ್ಟ್ರಿಕ್ ಗಿಟಾರು! ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ಕಡೆಯ ಮಾತು ಮೈಸೂರಿನವರ ಬಾಯಲ್ಲಿ ಬೇರೆಯೇ ಕೇಳಿಸುತ್ತದೆ. ವೇಗವೂ ಜಾಸ್ತಿ. ಅಷ್ಟರಲ್ಲಿ ಅವರು ಪಲ್ಲವಿಯನ್ನು ತುಂಡು ತುಂಡು ಮಾಡಿ ಜನರಿಂದ ಹೇಳಿಸಲು ಶುರು ಮಾಡಿದರು, ಒಂದನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಸಿದ ಹಾಗೆ. ಇಂಗ್ಲಿಷಿನವರಿಗೆ 'ಳ' ಎಲ್ಲಿಂದ ಬರಬೇಕು? 'ಕಾಲಾಜಿ, ಕಾಲಾಜಿ' ಅಂತ ಹಾಲ್ ತುಂಬಾ ಕೂಗು. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ತಾಳಕ್ಕೆ ಸರಿಯಾಗಿ ಕೂತಿತು. ಬ್ಯಾಂಡು ನಿಂತಿತು, ಬರೀ ಗೆಜ್ಜೆ ಮತ್ತು ಜನ.

ಆ ಹಾಲಿನಲ್ಲಿ ಪದದ ಎಲ್ಲ ನುಡಿಯೂ ಬಾಯಿಗೆ ಬರುತ್ತಿದ್ದವನು ಬಹುಶಃ ನಾನೊಬ್ಬನೇ. ನನ್ನ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ.

ಪಕ್ಕದಲ್ಲಿ ಎತ್ತರದ ಮುದುಕರೊಬ್ಬರು ಬಿಯರ್ ಲೋಟ ಹಿಡಿದು ನಿಂತಿದ್ದರು. ಹಾಡು ಮುಗಿದ ಮೇಲೆ ಬಗ್ಗಿ, ಇದರ ಅರ್ಥ ಏನು ಅಂತ ಕೇಳಿದರು. ಲೋಕದ ಚಿಂತೆ ಮಾಡ್ತೀಯಾ, ಮಾಡಪ್ಪ, ಬೇಡ ಅಂದವರು ಯಾರು ಅಂತ ಹೇಳುತ್ತಾರೆ, ಬರೆದವರು 19ನೇ ಶತಮಾನದ ಸಂತರು, ಮುಸ್ಲಿಮರ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರು ಅನ್ನುವ ಬ್ರಾಹ್ಮಣ ಗುರುವಿನ ಶಿಷ್ಯರಾದವರು ಅಂದೆ. ತಲೆ ಆಡಿಸಿದರು. ಸ್ವಲ್ಪ ಹೊತ್ತಿಗೆ 'ಗುಡುಗುಡಿಯ ಸೇದಿ ನೋಡೋ' ಬಂತು. ಮತ್ತೆ ಬಗ್ಗಿದರು. ಹುಕ್ಕಾ ಸೇದು ಅನ್ನುವ ಹಾಡು ಅಂದೆ. ಅವರು ನಗುತ್ತಾ ಗೋಡೆಯ ಮೇಲಿನ 'ಧೂಮಪಾನ ಇಲ್ಲ' ಬೋರ್ಡು ತೋರಿಸಿದರು. ಇಲ್ಲ ಸ್ವಾಮಿ, ಮನಸ್ಸೇ ಸಂಚಿ, ಮೋಹವೇ ಭಂಗಿ, ಬುದ್ಧಿಯೇ ಚಿಲುಮೆ ಅಂತ ಆ ಗದ್ದಲದಲ್ಲಿ ಅವರ ಕಿವಿಗೆ ಬಾಯಿಟ್ಟು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹೋದೆ. ಅರ್ಧಕ್ಕೇ ನಿಂತೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಪದದ ಅರ್ಥ ನಾನು ಒಮ್ಮೆಯೂ ಯೋಚಿಸಿಯೇ ಇರಲಿಲ್ಲ. ಅವರಿಗೆ ಎಷ್ಟು ತಿಳಿಯಿತೋ, ನನಗಂತೂ ಅವತ್ತೇ ಮೊದಲ ಸಲ ತಿಳಿದದ್ದು. ಕೊನೆಯಲ್ಲಿ ಎಲ್ಲರನ್ನೂ ಕುಣಿಸಿದರು. ಆ ಮುದುಕರೂ ಲೋಟ ಕೆಳಗಿಟ್ಟು ಎಗರಿದರು. ನಾನೂ ಎಗರಿದೆ.

ಇದು ಫೋನಿನಲ್ಲಿ ಸಿಗುತ್ತಾ ಅಂದರೆ, ಇಲ್ಲ. ಆದರೆ ಪ್ರತಿ ಸಲ ಹೀಗೇ ಆಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡನೇ ಸಲ ಬೆಂಗಳೂರಿನ ಒಂದು ಕಾಲೇಜು ಮೈದಾನದಲ್ಲಿ ನೋಡಿದೆ. ಸಾವಿರಾರು ಜನ, ಎದೆಗೆ ಗುದ್ದುವ ಬೇಸ್, ಮುಂದೆಲ್ಲ ಎತ್ತಿ ಹಿಡಿದ ಫೋನುಗಳು. ಹಾಡಿದ್ದು ಅವರೇ, ಹಾಡೂ ಅವೇ. ನನಗೆ ಮಾತ್ರ ದೂರದ ಟಿವಿ ನೋಡಿದ ಹಾಗಿತ್ತು. ಅರ್ಧಕ್ಕೇ ಹೊರಬಂದು ಮೂಲೆಯ ಗಾಡಿಯಲ್ಲಿ ಮಸಾಲೆಪುರಿ ತಿಂದು ಮನೆಗೆ ಹೋದೆ. ಮೂರನೆಯದು ಒಂದು ಕಂಪನಿಯ ವಾರ್ಷಿಕೋತ್ಸವ. ಜನರ ಅರ್ಧ ಗಮನ ಗೋಬಿ ಮಂಚೂರಿಯ ಸಾಲಿನ ಮೇಲೆ. ಅಂಥವರನ್ನೂ ಎಬ್ಬಿಸಿ ಹಾಡಿಸಿದರು, ಅದು ಅವರ ದೊಡ್ಡತನ.

ಹಾಗಾಗಿ ನನ್ನ ಮಾತು ಕೇಳಿದರೆ, ಟಿಕೆಟ್ ತೆಗೆಯುವ ಮೊದಲು ಜಾಗ ಎಷ್ಟು ದೊಡ್ಡದು ಅಂತ ನೋಡಿ. ಐನೂರು ಜನಕ್ಕಿಂತ ಕಡಿಮೆ ಹಿಡಿಸುವ ಹಾಲ್ ಆದರೆ ಕಣ್ಣು ಮುಚ್ಚಿ ತೆಗೆಯಿರಿ. ಒಳಗೆ ಹೋದ ಮೇಲೆ ವೇದಿಕೆಗೆ ಅಂಟಿಕೊಂಡು ನಿಲ್ಲಬೇಡಿ. ಚಿಕ್ಕ ಜಾಗದಲ್ಲಿ ಮುಂದೆ ನಿಂತವರಿಗೆ ಡ್ರಮ್ಸು, ಗಿಟಾರಿನ ಸದ್ದು ನೇರವಾಗಿ ಬಡಿಯುತ್ತದೆ, ದನಿ ಮಾತ್ರ ಪಕ್ಕದ ಸ್ಪೀಕರಿನಿಂದ ಬರುತ್ತದೆ. ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಮುಂದೆ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಕಂಡ ಹಾಗೆ ಎಲ್ಲವನ್ನೂ ಹದ ಮಾಡುವುದು. ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಒಂದು ಜೊತೆ ಜೇಬಿನಲ್ಲಿರಲಿ. ಎಲ್ಲ ಹಾಡನ್ನೂ ವಿಡಿಯೋ ಮಾಡಬೇಡಿ, ಒಂದು ಮಾಡಿದರೆ ಸಾಕು.

ಟಿಕೆಟ್ ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಿನಿಮಾದ ಹಂಗಿಲ್ಲದೆ ಹಾಡುವವರಿಗೆ ನಾವು ಫೋನಿನಲ್ಲಿ ಒಂದು ಸಲ ಕೇಳಿದರೆ ಸಿಗುವುದು ಪೈಸೆಗಳ ಲೆಕ್ಕ. ಅವರು ಟೂರ್ ಹೊರಟರೆ ವಾದ್ಯದವರು, ಸೌಂಡಿನವರು, ವ್ಯಾನು, ಹೋಟೆಲು, ಹೊರದೇಶವಾದರೆ ವೀಸಾ, ಎಲ್ಲವೂ ಟಿಕೆಟ್ಟಿನ ದುಡ್ಡಿನಲ್ಲೂ ಬಾಗಿಲ ಬಳಿಯ ಮೇಜಿನ ಮೇಲಿನ ಸಿಡಿ, ಟೀ ಶರ್ಟಿನಲ್ಲೂ ಹುಟ್ಟಬೇಕು. ನನ್ನ ಹತ್ತಿರ ಅವತ್ತು ಲೆಕ್ಕದ ದುಡ್ಡಿತ್ತು. ಆದರೂ ಸಿಡಿ ತೆಗೆದುಕೊಂಡು ಸಹಿಯ ಸಾಲಿನಲ್ಲಿ ನಿಂತೆ. ನಮ್ಮ ಅಜ್ಜ, ದಮ್ಮಡಿ, ಶಿಶುನಾಳ ಎಲ್ಲ ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ನನ್ನ ಸರದಿ ಬಂದಾಗ 'ಥ್ಯಾಂಕ್ಯೂ ಸರ್' ಅಂದು ಬಂದುಬಿಟ್ಟೆ.

ಕೊನೆಯ ರೈಲಿನ ಟೈಮ್ ಮೊದಲೇ ನೋಡಿಕೊಳ್ಳಿ, ಒಬ್ಬರೇ ಹೋಗುವುದಾದರೆ ಇದು ಮುಖ್ಯ. ನಾನು ನೋಡಿರಲಿಲ್ಲ. ಸಾಲಿನಲ್ಲಿ ನಿಂತು ಸ್ಟೇಷನ್ನಿಗೆ ಬರುವಷ್ಟರಲ್ಲಿ ಅದು ಹೋಗಿತ್ತು. ಬೆಂಚಿನ ಮೇಲೆ ಕೋಟು ಬಿಗಿದುಕೊಂಡು ಕೂತೆ. ರಾತ್ರಿ ಒಂದು ಗಂಟೆ, ಅಂದರೆ ಊರಲ್ಲಿ ಬೆಳಗ್ಗೆ ಆರೂವರೆ. ಅಜ್ಜ ಎದ್ದು ಚಹಾ ಕುಡಿಯುವ ಹೊತ್ತು. ಫೋನ್ ಹಚ್ಚಿ, ರೂಮ್‌ಮೇಟಿನ ಹಳೇ ಐಪಾಡಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಒಂದೇ ಹಾಡು, 'ಲೋಕದ ಕಾಳಜಿ', ಕೇಳಿಸಿದೆ.

"ತಾಳ ಭಾಳ ಓಡತೈತಿ" ಅಂದರು.

ಸ್ವಲ್ಪ ತಡೆದು, "ಹಿಂದ ಹಾಡಾವ್ರು ಯಾರು? ನಮ್ಮ ಮಂದಿ ಏನು?"

"ಅಲ್ಲಜ್ಜ, ಬಿಳೇರು. ಇನ್ನೂರು ಮಂದಿ."

ಆ ಕಡೆ ಬಸಿಯಲ್ಲಿ ಚಹಾ ಸುರಿಯುವ ಸದ್ದು ನಿಂತಿತು.

"ಹಂಗಾರ ಇನ್ನೊಮ್ಮೆ ಹಚ್ಚು" ಅಂದರು.